ಪರ್ವತಯ್ಯನವರ ಬೆರಳು

ನಮ್ಮೂರಿನಲ್ಲಿ ಅಕ್ಕಿ ಬೇಯುವುದು ಪುರಸಭೆಯ ಅಧ್ಯಕ್ಷರ ಬೆರಳನ್ನು ನೋಡಿಕೊಂಡು. ಅಧ್ಯಕ್ಷರು ಪೀಠದಲ್ಲಿ ಕೂತು ಕುರ್ಚಿಯ ತೋಳಿನ ಮೇಲೆ ಬೆರಳು ಬಡಿಯುತ್ತಾರೆ. ಅವರು ಯಾವ ವೇಗದಲ್ಲಿ ಬಡಿಯುತ್ತಾರೋ ಊರು ಆ ವೇಗದಲ್ಲಿ ನಡೆಯುತ್ತದೆ. ಫ್ಯಾನು ತಿರುಗುವುದು, ಹಾಲು ಕಾಯುವುದು, ಗಾಯ ಮಾಯುವುದು, ಸಾಲಿನಲ್ಲಿ ನಿಂತವರ ಸರದಿ ಬರುವುದು, ಎಲ್ಲವೂ ಹಾಗೆಯೇ. ಸೂರ್ಯ, ಮಳೆ ಮತ್ತು ಮಾವಿನ ಮರಗಳು ಮಾತ್ರ ಪುರಸಭೆಯ ವ್ಯಾಪ್ತಿಗೆ ಬರುವುದಿಲ್ಲ. ಪರವೂರಿನಿಂದ ಬಂದವರು ಇದನ್ನು ಕಂಡು ಹುಬ್ಬೇರಿಸುತ್ತಾರೆ. ಎರಡು ದಿನ ಉಳಿದರೆ ಅವರ ಹುಬ್ಬು ಇಳಿಯುವುದೂ ನಿಧಾನವಾಗುತ್ತದೆ.

ಹಿಂದೆ ಕೆಂಚಪ್ಪ ಎಂಬವರು ಅಧ್ಯಕ್ಷರಾಗಿದ್ದರು. ಆ ಮನುಷ್ಯನಿಗೆ ಕೂತಲ್ಲಿ ಕೂರಲಾಗದ ಸ್ವಭಾವ, ಬೆರಳು ಸದಾ ಪಟಪಟ ಎನ್ನುತ್ತಿತ್ತು. ಹೆಂಚಿಗೆ ಹಿಟ್ಟು ಹೊಯ್ಯುವುದರೊಳಗೆ ದೋಸೆ ಸೀಯುತ್ತಿತ್ತು. ಕ್ಷೌರಕ್ಕೆ ಕೂತ ಹುಡುಗರು ಮೀಸೆ ಹೊತ್ತುಕೊಂಡು ಎದ್ದು ಬರುತ್ತಿದ್ದರು. ಸೀದ ದೋಸೆ ತಿನ್ನುತ್ತಲೇ ಜನ, "ಆಹಾ, ಎಂಥಾ ಚುರುಕು!" ಎಂದು ಕೊಂಡಾಡಿದರು. ಆಮೇಲೆ ಪರ್ವತಯ್ಯನವರು ಬಂದರು. ಅವರು ಬೆರಳನ್ನು ಮೆಲ್ಲಗೆ ಎತ್ತಿ, ಮೇಲೆಯೇ ಹಿಡಿದು, ಇಳಿಸಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಇಳಿಸುತ್ತಿದ್ದರು. ಬೆಳಗ್ಗೆ ಊಟಕ್ಕೆ ಕೂತವರಿಗೆ ಮಜ್ಜಿಗೆ ಬರುವಾಗ ಸೂರ್ಯ ಮುಳುಗುತ್ತಿದ್ದ. ಅದೇ ಜನ, ಅದೇ ಬಾಯಿ, "ಆಹಾ, ಎಂಥಾ ಗಾಂಭೀರ್ಯ!" ಎಂದಿತು. ನಮ್ಮೂರಿನವರ ನಾಲಗೆಗೆ ಮಾತ್ರ ಯಾವ ಅಧ್ಯಕ್ಷರ ಬೆರಳೂ ತಾಗಿದ್ದಿಲ್ಲ.

ನಾನು ಮದುವೆ ಮನೆಗಳಲ್ಲಿ ಕೀಬೋರ್ಡ್ ನುಡಿಸುವವನು, ಹೆಸರು ಕೃಪಾಕರ. ಪರ್ವತಯ್ಯನವರ ಕಾಲದಲ್ಲಿ ನನ್ನ ಕಸುಬು ಸುಲಭವಾಯಿತು ಎಂದೇ ಹೇಳಬೇಕು. ಒಂದು ಸ್ವರ ಒತ್ತಿ, ಎದ್ದು ಹೋಗಿ ನಾಲ್ಕು ಜನರನ್ನು ಮಾತಾಡಿಸಿ ಬಂದು ಎರಡನೆಯ ಸ್ವರ ಒತ್ತಿದರೆ ಸಾಕಿತ್ತು. ಮಾಲೆ ಎತ್ತಿ ಹಿಡಿದ ಮದುಮಗನ ತೋಳು ನಡುಗುತ್ತಿತ್ತು. ಬೀಗರು ಮಾತ್ರ ಕಣ್ಣು ಮುಚ್ಚಿ, "ಬಹಳ ಭಾವ ತುಂಬಿ ನುಡಿಸ್ತೀರ" ಎನ್ನುತ್ತಿದ್ದರು. ನಾನೂ ಹಾಗೆಯೇ ಇರಬಹುದು ಎಂದುಕೊಂಡು ಶಾಲು ಹೊದೆಸಿಕೊಂಡು ಬರುತ್ತಿದ್ದೆ.

ಊರಿಗೆ ಯಾವ ಯಂತ್ರ ಬಂದರೂ ಮೊದಲು ಪುರಸಭೆಗೆ ಒಯ್ದು ಮುದ್ರೆ ಹಾಕಿಸಬೇಕು, ಅದು ಇಲ್ಲಿಯ ಪದ್ಧತಿ. ನನ್ನ ಕೀಬೋರ್ಡನ್ನೂ ಒಯ್ದಿದ್ದೆ. ಇಂಥ ಕೀಬೋರ್ಡಿನಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಇಂಟರ್ನಲ್‌ಗೆ ಇಟ್ಟರೆ ವಾದ್ಯ ತನ್ನ ಹೊಟ್ಟೆಯೊಳಗಿನ ಗಡಿಯಾರವನ್ನು ನಂಬಿ ನಡೆಯುತ್ತದೆ. ಎಕ್ಸ್‌ಟರ್ನಲ್‌ಗೆ ಇಟ್ಟರೆ ಹೊರಗಿನವರು ತಾಳ ಹಾಕಿದಂತೆ ನಡೆಯುತ್ತದೆ, ಯಾರೂ ಹಾಕದಿದ್ದರೆ ಸುಮ್ಮನೆ ಕಾಯುತ್ತದೆ. ಪುರಸಭೆಯವರು ಗುಂಡಿಯನ್ನು ಎಕ್ಸ್‌ಟರ್ನಲ್‌ಗೆ ತಿರುಗಿಸಿ, ಅದರ ಮೇಲೆ ಕೆಂಪು ಅರಗು ಸುರಿದು, ಮುದ್ರೆ ಒತ್ತಿ ಕೊಟ್ಟರು. ಅರಗು ಒಡೆದರೆ ಊರು ಬಿಡಿಸುತ್ತಾರೆ. ಮನೆಯ ಗೋಡೆ ಗಡಿಯಾರಕ್ಕೂ ಮಿಕ್ಸಿಗೂ ಅದೇ ಮುದ್ರೆ ಇತ್ತಾದ್ದರಿಂದ ನನಗೇನೂ ವಿಶೇಷ ಅನ್ನಿಸಲಿಲ್ಲ.

ವಿಶೇಷ ಅನ್ನಿಸತೊಡಗಿದ್ದು ನನ್ನ ಹೆಂಡತಿ ಅಂಬುಜ ಬಸುರಿಯಾದ ಮೇಲೆ. ಅವಳಿಗೆ ಹುಳಿ ಬೇಕೆನಿಸಿದಾಗ ಮಾವಿನ ಮರ ಮಿಡಿ ಬಿಟ್ಟಿತ್ತು. ಆ ಮಿಡಿ ಕಾಯಾಗಿ, ಹಣ್ಣಾಗಿ, ಮರ ಮತ್ತೆ ಹೂ ಬಿಟ್ಟು, ಮತ್ತೆ ಹಣ್ಣಾಗಿ ಉದುರಿದರೂ ಬಸಿರು ಮುಗಿಯಲಿಲ್ಲ. ಸೀಮಂತವನ್ನು ಮೂರು ಸಲ ಮಾಡಿದೆವು. ಬಾಣಂತನಕ್ಕೆಂದು ಬಂದ ಅತ್ತೆ ಇಲ್ಲಿಯೇ ರೇಷನ್ ಕಾರ್ಡಿಗೆ ಹೆಸರು ಸೇರಿಸಿಕೊಂಡರು. ಅಂಬುಜ ಗೋಡೆ ಹಿಡಿದು ಏಳುತ್ತಾಳೆ, ಗೋಡೆ ಹಿಡಿದು ಕೂರುತ್ತಾಳೆ, ಮಗ್ಗುಲು ಬದಲಿಸಲು ನನ್ನನ್ನು ಕೂಗುತ್ತಾಳೆ. ಪುರಸಭೆಯವರು ಅವಳಿಗೆ 'ಆದರ್ಶ ಗರ್ಭಿಣಿ' ಎಂದು ಬಿರುದು ಕೊಟ್ಟು ಒಂದು ಹಿತ್ತಾಳೆ ದೀಪ ಕೊಟ್ಟರು. ಅವಳು ಆ ದೀಪವನ್ನು ಬಾಗಿಲಿಗೆ ಅಡ್ಡ ಇಟ್ಟಳು. ಅವಳನ್ನು ನೋಡಿದಾಗಲೆಲ್ಲ ನಾನು, ಊರಿಗೆಲ್ಲ ಆಗುವುದು ನಮಗೂ ಆಗುತ್ತದೆ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಸಮಾಧಾನ ಹೇಳಿಕೊಳ್ಳುವುದರಲ್ಲಿ ನಾನು ಗಟ್ಟಿಗ.

ಹೀಗಿರುವಾಗ ಪುರಸಭೆಯ ಕಾರ್ಯದರ್ಶಿ ಶಾಮರಾಯರು ಒಂದು ಪೆಟ್ಟಿಗೆ ಹೊರಿಸಿಕೊಂಡು ನಮ್ಮ ಮನೆಗೆ ಬಂದರು. ಪರ್ವತಯ್ಯನವರ ನಿಧಾನದಿಂದ ಊರಿನಲ್ಲಿ ಯಾರಿಗಾದರೂ ಸುಖವಾಗಿದ್ದರೆ ಅದು ಈ ಶಾಮರಾಯರಿಗೆ. ಅವರ ಮೇಜಿನ ಮೇಲೆ ಬಂದ ಕಡತವೊಂದೂ ಈವರೆಗೆ ಮೇಜು ಬಿಟ್ಟು ಇಳಿದಿರಲಿಲ್ಲ, ಅದಕ್ಕೆ ಅವರನ್ನು ಯಾರೂ ಕೇಳುವಂತೆಯೂ ಇರಲಿಲ್ಲ.

"ಕೃಪಾಕರ್, ಊರಿನ ಭವಿಷ್ಯ ನಿಮ್ಮ ಕೈಲಿದೆ" ಎಂದರು ಕುರ್ಚಿ ಎಳೆದುಕೊಂಡು. "ಅಧ್ಯಕ್ಷರಿಗೆ ವಯಸ್ಸಾಯ್ತು. ನಾಳೆ ಆ ಬೆರಳು ನಿಂತ್ರೆ ಏನ್ರೀ ಗತಿ?"

"ಬೇರೆಯವ್ರು ಅಧ್ಯಕ್ಷರಾಗ್ತಾರಲ್ವಾ ಸಾರ್?"

"ಛೆ, ಛೆ! ಮತ್ತೆ ಯಾರೋ ಕೆಂಚಪ್ಪನಂಥೋನು ಬಂದು ನಮ್ಮನ್ನೆಲ್ಲ ಓಡಿಸೋದಾ? ಈ ಗಾಂಭೀರ್ಯ ಉಳೀಬೇಕು ಕಣ್ರೀ, ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಉಳೀಬೇಕು. ಅದಕ್ಕೇ ಇದನ್ನ ತರಿಸಿದೀನಿ."

ಅದು ಸೀಕ್ವೆನ್ಸರ್ ಪೆಟ್ಟಿಗೆ. ಕೀಬೋರ್ಡಿನಲ್ಲಿ ನುಡಿಸಿದ್ದನ್ನು ನೆನಪಿಟ್ಟುಕೊಂಡು, ಆಮೇಲೆ ಅದೇ ಕೀಬೋರ್ಡಿನಿಂದ ತಾನೇ ನುಡಿಸುವಂಥದ್ದು. ಶಾಮರಾಯರ ಯೋಜನೆ ಇಷ್ಟು: ಪರ್ವತಯ್ಯನವರು ಬೆರಳು ಬಡಿಯುತ್ತಿರುವಾಗ ನಾನು ಅವರ ಸ್ತುತಿಯ ಹಾಡೊಂದನ್ನು ನುಡಿಸಿ ಪೆಟ್ಟಿಗೆಗೆ ತುಂಬಬೇಕು. ಆಮೇಲೆ ಪೆಟ್ಟಿಗೆಯನ್ನು ಪೀಠದ ಮೇಲೆ ಕೂರಿಸಿ, ಗುಂಡಿ ಒತ್ತಿ, ಬಾಗಿಲು ಹಾಕಿಬಿಡುವುದು. ಊರು ಎಂದೆಂದಿಗೂ ಅದೇ ನಡೆಯಲ್ಲಿ ನಡೆದುಕೊಂಡಿರುತ್ತದೆ. ಹಾಡನ್ನೂ ಅವರೇ ಬರೆದಿದ್ದರು. 'ನಿಲ್ಲುವುದೇ ನಿನ್ನ ನಡೆ, ಓ ಗಿರಿಯೆ' ಎಂದು ಶುರುವಾಗುತ್ತಿತ್ತು. ನನಗೆ 'ಪುರಸಭೆಯ ಆಸ್ಥಾನ ವಾದಕ' ಎಂಬ ಪದವಿ ಕೊಡುವುದಾಗಿ ಹೇಳಿದರು. ಆಸ್ಥಾನ ಎಂಬ ಮಾತು ಕೇಳಿ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಅವರು ಹೋದ ಮೇಲೆ ಅಂಬುಜ ಗೋಡೆ ಹಿಡಿದು ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಒಪ್ಕೊಂಡ್ರಾ?"

"ಒಪ್ಕೊಳ್ದೆ ಏನ್ಮಾಡ್ಲಿ? ಮನೆ ಬಾಗ್ಲಿಗೆ ಬಂದು ಕೇಳಿದಾರೆ."

"ಆ ಮುದುಕರ ಬೆರಳು ನಿಲ್ಲೋ ದಿನಕ್ಕೆ ಕಾಯ್ತಾ ಕೂತಿದೀನಿ ರೀ ನಾನು. ಪಾಪದ ಮಾತು ಅಂತ ಗೊತ್ತು, ಆದ್ರೂ ಕಾಯ್ತಾ ಇದೀನಿ. ನೀವು ಅದನ್ನ ಪೆಟ್ಗೇಲಿ ಹಿಡಿದಿಟ್ರೆ ಈ ಮಗು ಹೊಟ್ಟೆಯೊಳಗೇ ಮುದುಕ ಆಗುತ್ತೆ."

"ಹಾಗೆಲ್ಲ ಆಗಲ್ಲ, ಬಿಡು" ಎಂದೆ. ಉತ್ತರವಿಲ್ಲದಾಗ ನಾನು ಹೇಳುವ ಮಾತು ಅದು.

"ಬಿಡೋದೇನು, ನನ್ನ ಹೊಟ್ಟೆ ನೋಡಿ ಹೇಳಿ" ಎಂದಳು. ನಾನು ಪೆಟ್ಟಿಗೆಯ ಕಡೆ ನೋಡಿದೆ.

ಪುರಸಭೆಯ ಸಭಾಂಗಣದಲ್ಲಿ ರೆಕಾರ್ಡಿಂಗ್ ನಡೆಯಿತು. ಪೀಠದ ಬಲದೋಳಿಗೆ ಒಂದು ರಬ್ಬರ್ ಪ್ಯಾಡ್ ಕಟ್ಟಿ, ಅದರ ವೈರನ್ನು ಪೆಟ್ಟಿಗೆಗೆ ಸಿಕ್ಕಿಸಿದೆ. ಪೆಟ್ಟಿಗೆಗೂ ಕೀಬೋರ್ಡಿಗೂ ನಡುವೆ ವಾದ್ಯಗಳು ತಮ್ಮತಮ್ಮಲ್ಲಿ ಮಾತಾಡುವ 'ಮಿಡಿ' ವೈರುಗಳು, ಹೋಗುವುದಕ್ಕೊಂದು, ಬರುವುದಕ್ಕೊಂದು. ಪೆಟ್ಟಿಗೆಯನ್ನೂ ಪುರಸಭೆಯವರು ಆಗಲೇ ಎಕ್ಸ್‌ಟರ್ನಲ್ ಮಾಡಿ ಅರಗು ಸುರಿದಿದ್ದರು. ಪರ್ವತಯ್ಯನವರು ಪ್ಯಾಡಿನ ಮೇಲೆ ಬೆರಳು ಇಳಿಸಿದಾಗ ಪೆಟ್ಟಿಗೆ ಒಂದು ಹೆಜ್ಜೆ ಇಡುತ್ತಿತ್ತು, ಅದನ್ನು ನೋಡಿ ಕೀಬೋರ್ಡ್ ಒಂದು ಹೆಜ್ಜೆ ಇಡುತ್ತಿತ್ತು, ಅದನ್ನು ನೋಡಿ ನಾನು ಒಂದು ಸ್ವರ ಒತ್ತುತ್ತಿದ್ದೆ. ಪಲ್ಲವಿ ಮುಗಿಯುವಷ್ಟರಲ್ಲಿ ಹೊರಗೆ ಮಳೆಗಾಲ ಶುರುವಾಗಿತ್ತು.

ಅಂತೂ ಹಾಡು ಪೆಟ್ಟಿಗೆಗೆ ಸೇರಿತು. ಆಗ ನನಗೊಂದು ಸಂಗತಿ ಹೊಳೆಯಿತು. ಇಂಥ ಪೆಟ್ಟಿಗೆ ಹಾಡನ್ನು ಹಿಡಿದಿಡುತ್ತದೆ, ವೇಗವನ್ನು ಹಿಡಿದಿಡುವುದಿಲ್ಲ. ತಾಳದ ಯಾವ ಏಟಿಗೆ ಯಾವ ಸ್ವರ ಎಂಬುದಷ್ಟೇ ಅದಕ್ಕೆ ಗೊತ್ತು. ಏಟು ಎಷ್ಟು ಬೇಗ ಬೀಳಬೇಕು ಎಂಬುದನ್ನು ನುಡಿಸುವ ಹೊತ್ತಿನಲ್ಲಿ ಯಾರಾದರೂ ಹೇಳಬೇಕು. ಪರ್ವತಯ್ಯನವರ ಬೆರಳಿಲ್ಲದಾಗ ಹೇಳುವವರು ಯಾರು? ಕೀಬೋರ್ಡ್ ಪೆಟ್ಟಿಗೆಗೆ ಕಾಯುತ್ತದೆ, ಪೆಟ್ಟಿಗೆ ಪ್ಯಾಡಿಗೆ ಕಾಯುತ್ತದೆ. ಎರಡೂ ಎಕ್ಸ್‌ಟರ್ನಲ್. ಶಾಮರಾಯರನ್ನು ಪಕ್ಕಕ್ಕೆ ಕರೆದು ಹೇಳಿದೆ.

"ಸಾರ್, ಎರಡರಲ್ಲಿ ಒಂದನ್ನಾದ್ರೂ ಇಂಟರ್ನಲ್ ಮಾಡ್ಬೇಕು. ಇಲ್ದಿದ್ರೆ ಆ ದಿನ ನುಡಿಯಲ್ಲ."

ಅವರು ಅತ್ತ ಇತ್ತ ನೋಡಿದರು. "ಏನ್ರೀ ಮಾತಾಡ್ತಿದೀರ? ಅಧ್ಯಕ್ಷರ ಪೀಠದ ಮೇಲೆ ಕೂರೋ ಪೆಟ್ಗೆ, ತನ್ನ ಬುದ್ಧಿಯಿಂದ ನಡೆಯೋದಾ? ಅರಗು ಒಡೆಯೋದಾ? ನಾಳೆ ಅದನ್ನ ನೋಡಿ ಮಿಕ್ಸಿಗಳು ಕಲಿಯಲ್ವಾ?"

"ಹಾಗಲ್ಲ ಸಾರ್, ಕಾಯೋರು ಇಬ್ರೇ ಆದ್ರೆ ಶುರು ಮಾಡೋರು ಯಾರು?"

"ವಿಧೇಯತೆ ಇದ್ರೆ ಎಲ್ಲ ಶುರುವಾಗುತ್ತೆ. ಈ ಮಾತು ನಾನು ಕೇಳ್ಲಿಲ್ಲ, ನೀವೂ ಹೇಳ್ಲಿಲ್ಲ" ಎಂದು ನನ್ನ ಭುಜ ತಟ್ಟಿ ಹೋದರು.

ನಾನು ಎರಡನೆಯ ಸಲ ಹೇಳಲಿಲ್ಲ. ಅಂಬುಜಳಿಗಾಗಿ ಸುಮ್ಮನಿದ್ದೆ ಎಂದು ಈಗ ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ. ನಿಜಕ್ಕೂ ಹೆದರಿಕೆಯಿಂದ ಸುಮ್ಮನಿದ್ದೆ, ಜೊತೆಗೆ ಶಾಲಿನ ಅಳತೆ ಕೊಟ್ಟಾಗಿತ್ತು.

ಸಮಾರಂಭದ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರ್ಶ ಗರ್ಭಿಣಿಯನ್ನು ಮುಂದಿನ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ, ತಾಳ್ಮೆಯ ಮಾದರಿಯಾಗಿ ಕೂರಿಸಿದ್ದರು. ಪಕ್ಕದಲ್ಲಿ ಅತ್ತೆ ಬೀಸಣಿಗೆ ಹಿಡಿದು ಕೂತಿದ್ದರು. ಶಾಮರಾಯರು ಭಾಷಣ ಮಾಡಿದರು. ಅವಸರವೇ ಎಲ್ಲ ರೋಗಗಳ ಮೂಲ ಎಂದರು. ಪರ್ವತಯ್ಯನವರಿಗೆ ಪೇಟ ತೊಡಿಸಿ, ಹಾರ ಹಾಕಿ, ಅವರನ್ನು ಪೀಠದಿಂದ ಎಬ್ಬಿಸಿ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ಪೆಟ್ಟಿಗೆಯನ್ನು ಪೀಠದ ಮುಂದೆ ಮಣೆಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿದರು. ನುಡಿಯಲು ಶುರುವಾದ ಮೇಲೆ ಅದನ್ನು ಪೀಠಕ್ಕೇರಿಸುವುದೆಂದು ತೀರ್ಮಾನವಾಗಿತ್ತು. ಪ್ಯಾಡನ್ನು ಗೌರವಾರ್ಥವಾಗಿ ಕುರ್ಚಿಯ ತೋಳಿನ ಮೇಲೆಯೇ ಬಿಟ್ಟಿದ್ದರು. ಆಮೇಲೆ ಶಾಮರಾಯರು ಪೆಟ್ಟಿಗೆಯ ಗುಂಡಿ ಒತ್ತಿದರು.

ಪೆಟ್ಟಿಗೆಯ ಹಸಿರು ದೀಪ ಮಿನುಗಿತು. ಕೀಬೋರ್ಡಿನ ಹಸಿರು ದೀಪವೂ ಮಿನುಗಿತು. ಅಷ್ಟೇ, ಬೇರೇನೂ ಆಗಲಿಲ್ಲ. ಪೆಟ್ಟಿಗೆ ಪ್ಯಾಡಿಗೆ ಕಾಯಿತು, ಕೀಬೋರ್ಡ್ ಪೆಟ್ಟಿಗೆಗೆ ಕಾಯಿತು, ಊರು ಎರಡಕ್ಕೂ ಕಾಯಿತು. ಫ್ಯಾನುಗಳು ನಿಂತವು. ಚಪ್ಪಾಳೆಗೆಂದು ಎತ್ತಿದ ಕೈಗಳು ಒಂದಕ್ಕೊಂದು ತಾಗದೆ ಗಾಳಿಯಲ್ಲಿ ಉಳಿದವು. ಹೊರಗಿನ ಹೋಟೆಲಿನಲ್ಲಿ ಉಕ್ಕುತ್ತಿದ್ದ ಹಾಲು ಪಾತ್ರೆಯ ಅಂಚಿನಲ್ಲಿ ಉಬ್ಬಿ ನಿಂತಿತಂತೆ. ನಾನು ಕೀಬೋರ್ಡಿನ ಹಿಂದೆ, ಹೊಸ ಶಾಲು ಹೊದ್ದು, ಅಲ್ಲಾಡಲಾರದೆ ನಿಂತಿದ್ದೆ. ನಾಲಗೆಗಳಿಗೆ ಮಾತ್ರ ಏನೂ ಆಗಿರಲಿಲ್ಲ. "ಎಂಥಾ ಮೌನ! ಇದು ಅವ್ರ ಗಾಂಭೀರ್ಯದ ಶಿಖರ" ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಹೌದು ಹೌದು ಎಂದು ಸಭೆ ಒಪ್ಪಿತು.

ಆಗ ಅಂಬುಜ ಚೀರಿದಳು.

ಅವಳಿಗೆ ನೋವು ಬಂದಿತ್ತು. ಒಳಗಿದ್ದ ಮಗುವಿಗೆ ಪುರಸಭೆಯ ಮುದ್ರೆ ಬಿದ್ದಿರಲಿಲ್ಲ ನೋಡಿ. ಊರಿನ ತಾಳ ಪೂರ್ತಿ ನಿಂತದ್ದೇ ತಡ, ಅದು ತನ್ನ ಪಾಡಿಗೆ ತಾನು ಹೊರಟುಬಿಟ್ಟಿತು. ಅಂಬುಜ ಎದ್ದಳು. ಕಲ್ಲುಗಳ ಹಾಗೆ ನಿಂತ ಜನರ ನಡುವೆ ಅವಳೊಬ್ಬಳೇ ನಡೆಯುತ್ತಿದ್ದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಹಲ್ಲು ಕಚ್ಚಿಕೊಂಡು. ವೇದಿಕೆಯ ಮೆಟ್ಟಿಲು ಹತ್ತಿ ಬಂದಳು. ಆಧಾರಕ್ಕೆ ಏನಾದರೂ ಬೇಕಿತ್ತು. ಎದುರಿಗೆ ಖಾಲಿ ಇದ್ದದ್ದು ಅಧ್ಯಕ್ಷರ ಪೀಠ, ಅದರಲ್ಲಿ ಕುಸಿದು ಕೂತಳು.

ಎರಡನೆಯ ನೋವು ಬಂದಾಗ ಅವಳು ಕುರ್ಚಿಯ ತೋಳನ್ನು ಮುಷ್ಟಿಯಿಂದ ಗುದ್ದಿದಳು. ಏಟು ಪ್ಯಾಡಿಗೆ ಬಿತ್ತು. ಕೀಬೋರ್ಡ್ 'ನಿಲ್ಲುವುದೇ' ಎಂದು ಒಂದು ಸ್ವರ ಹೊರಡಿಸಿತು, ಸಭೆಯ ಕೈಗಳು ಒಂದು ಸಲ ಫಟ್ ಎಂದವು. ಅವಳು ಮತ್ತೆ ಗುದ್ದಿದಳು, ಮತ್ತೆ, ಮತ್ತೆ. ಸ್ತುತಿಗೀತೆ ಕಚ್ಚೆ ಕಟ್ಟಿಕೊಂಡು ಓಡತೊಡಗಿತು. 'ಓ ಗಿರಿಯೆ' ಎನ್ನುವ ಜಾಗದಲ್ಲಿ ನೋವು ಜೋರಾಗಿ ಗಿರಿಯೂ ಓಡಿತು. ಫ್ಯಾನುಗಳು ಗಿರ್ರೆಂದು ತಿರುಗಿ ಹಾರದ ಹೂಗಳೆಲ್ಲ ಹಾರಿದವು. ಹೋಟೆಲಿನ ಹಾಲು ಉಕ್ಕಿ ಒಲೆ ಆರಿತು. ಶಾಮರಾಯರು ಏನೋ ಹೇಳಲು ಬಾಯಿ ತೆರೆದವರು ಇಡೀ ವಂದನಾರ್ಪಣೆಯನ್ನು ಒಂದೇ ಉಸಿರಿಗೆ ಮಾಡಿ ಮುಗಿಸಿ ತಾವೇ ಬೆಚ್ಚಿಬಿದ್ದರು. ಗುದ್ದಿನ ನಡುವೆ ಬಿಡುವಾದಾಗ ಊರೂ ಉಸಿರು ಹಿಡಿದು ನಿಲ್ಲುತ್ತಿತ್ತು, ಮತ್ತೆ ಗುದ್ದು ಬಿದ್ದಾಗ ದಡಬಡ ಓಡುತ್ತಿತ್ತು. ಅತ್ತೆ ನಾಲ್ಕು ಹೆಂಗಸರನ್ನು ಕರೆದು ಸನ್ಮಾನದ ಶಾಲುಗಳನ್ನು ಅಡ್ಡ ಹಿಡಿಸಿದರು. ಮೊದಲು ಎಳೆದುಕೊಂಡದ್ದು ನನ್ನ ಶಾಲನ್ನು.

ನಾನು ಶಾಲುಗಳ ಈಚೆ ನಿಂತು ಅಳುತ್ತಿದ್ದೆ. ಹೆದರಿಕೆಗೋ ಸಂತೋಷಕ್ಕೋ ತಿಳಿಯಲಿಲ್ಲ, ಅಂತೂ ಮೂಗು ಒರೆಸಿಕೊಳ್ಳಲೂ ಅವಳ ಗುದ್ದಿಗೆ ಕಾಯಬೇಕಿತ್ತು. ಹಾಡು ಮೂರನೆಯ ಸಲ ಮುಗಿಯುವಾಗ ಮಗು ಅತ್ತಿತು. ಹೆಣ್ಣು ಮಗು.

ಅಂಬುಜಳ ಕೈ ಕುರ್ಚಿಯ ತೋಳನ್ನು ಬಿಟ್ಟು ಮಗುವಿನ ಬೆನ್ನಿಗೆ ಹೋಯಿತು. ಹಾಡು ನಿಂತಿತು, ಎಲ್ಲರೂ ಇದ್ದಲ್ಲೇ ನಿಂತರು. ಮೊದಲು ಚೇತರಿಸಿಕೊಂಡದ್ದು ಶಾಮರಾಯರ ನಾಲಗೆ.

"ಎಂಥಾ ಕಂಠ! ಎಂಥಾ ಅಧಿಕಾರ! ನಮ್ಮ ನೂತನ ಅಧ್ಯಕ್ಷೆಯವ್ರಿಗೆ ಜಯವಾಗ್ಲಿ!" ಎಂದರು. ಸಭೆಯೆಲ್ಲ ಜಯವಾಗಲಿ ಎಂದಿತು. "ಕೃಪಾಕರ್, ಏನ್ ನೋಡ್ತಿದೀರ? ಆ ಮಗೂನ ಕೈ ಎತ್ತಿ ಪ್ಯಾಡಿನ ಮೇಲಿಡ್ಸಿ. ಅದರ ಅಳುವನ್ನೂ ಪೆಟ್ಗೆಗೆ ತುಂಬ್ಬಿಡೋಣ. ಇನ್ನು ಐವತ್ತು ವರ್ಷ ಯೋಚ್ನೆ ಇಲ್ಲ."

ಸ್ಟೂಲಿನ ಮೇಲಿದ್ದ ಪರ್ವತಯ್ಯನವರು ಕೆಮ್ಮಿದರು. "ಬೇಡಮ್ಮ" ಎಂದರು ಅಂಬುಜಳ ಕಡೆ ತಿರುಗಿ. "ಕೈ ಇಡಿಸ್ಬೇಡ. ಗಾಂಭೀರ್ಯ, ಗಾಂಭೀರ್ಯ ಅಂತಾರಲ್ಲ, ನಂದು ಗಾಂಭೀರ್ಯ ಅಲ್ಲಮ್ಮ. ಕೀಲುನೋವು. ಬೆರಳು ಎತ್ತೋಕೇ ಆಗ್ತಿರ್ಲಿಲ್ಲ. ಒಬ್ರಾದ್ರೂ ಏನಾಯ್ತು ಅಂತ ಕೇಳ್ಲಿಲ್ಲ."

"ಎಂಥಾ ವಿನಯ!" ಎಂದರು ಶಾಮರಾಯರು.

ಅಂಬುಜ ಆ ಮುದುಕರ ಊದಿದ ಗೆಣ್ಣುಗಳನ್ನು ನೋಡಿದಳು. ಆಮೇಲೆ ಅತ್ತೆಯ ಭುಜ ಹಿಡಿದು, ಮಗುವನ್ನು ಎದೆಗೆ ಅವಚಿಕೊಂಡು ಎದ್ದಳು. "ಅಜ್ಜ, ನೀವೂ ಏಳಿ. ಎಣ್ಣೆ ಕಾಯಿಸಿ ಕೊಡ್ತೀನಿ, ಹಚ್ಕೊಳಿ" ಎಂದಳು. ನನ್ನ ಕಡೆ ತಿರುಗಿ, "ನೀವು ಆ ವೈರ್ ಕಿತ್ಕೊಂಡು ಬರ್ತೀರೋ, ಇಲ್ಲೇ ನಿಂತಿರ್ತೀರೋ?" ಎಂದಳು.

ಪೀಠ ಖಾಲಿಯಾಗಿತ್ತು. ನನ್ನ ಕಾಲು ಎತ್ತಲು ಬರಲಿಲ್ಲ. ಆಗ ಅವಳ ಹಿಮ್ಮಡಿಯ ಕಡೆ ನೋಡಿದೆ. ಆ ಹಿಮ್ಮಡಿ ಎದ್ದಾಗ ನನ್ನದೂ ಎದ್ದಿತು, ಅದು ಇಳಿದಾಗ ಇಳಿಯಿತು. ಹಾಗೆ ಅವಳ ಹೆಜ್ಜೆ ನೋಡಿಕೊಂಡೇ, ವೈರು ಕಿತ್ತು, ಕೀಬೋರ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮನೆ ಸೇರಿದೆ. ಪರ್ವತಯ್ಯನವರು ನನಗಿಂತ ಮುಂದೆ ಹೋಗುತ್ತಿದ್ದರು.

ಉಳಿದವರು ಈಗಲೂ ಸಭಾಂಗಣದಲ್ಲಿಯೇ ಇದ್ದಾರೆ. ಗುದ್ದಿನ ಓಟದಲ್ಲಿ ಎತ್ತಿಕೊಂಡ ಹಾರ ಹಿಡಿದುಕೊಂಡು ಪೀಠದ ಮುಂದೆ ನಿಂತಿದ್ದಾರೆ. ಹೊರಗಿನಿಂದ ಹಾದುಹೋದರೆ ಹೊಗಳಿಕೆ ಕೇಳಿಸುತ್ತದೆ, ಯಾರನ್ನು ಎಂದು ಇನ್ನೂ ತೀರ್ಮಾನವಾದಂತಿಲ್ಲ. ಹೆಸರಿನ ಜಾಗ ಬಿಟ್ಟು ಹೊಗಳುತ್ತಿದ್ದಾರೆ.

ಮುದ್ರೆಯಿಲ್ಲದ ಮಗು ಬಂದ ಮೇಲೆ ನಮ್ಮ ಮನೆಯಲ್ಲಿ ಹಾಲು ಕಾದಾಗ ಉಕ್ಕುತ್ತದೆ. ಮಗಳು ಹಸಿವಾದಾಗ ಅಳುತ್ತಾಳೆ, ಸಾಕಾದಾಗ ನಿಲ್ಲಿಸುತ್ತಾಳೆ. ತೊಟ್ಟಿಲಿನ ಪಕ್ಕ ಕೂತು ಅವಳ ಅಳುವಿಗೆ ತಾಳ ಹಿಡಿಯಲು ನೋಡಿದೆ, ಕೈಗೆ ಸಿಗಲಿಲ್ಲ. ನಿನ್ನೆ ಮಧ್ಯಾಹ್ನ ಮನಸ್ಸು ಗಟ್ಟಿಮಾಡಿಕೊಂಡು, ಚಾಕುವಿನ ತುದಿಯಿಂದ ಕೀಬೋರ್ಡಿನ ಅರಗನ್ನು ಕೆರೆದು ತೆಗೆದೆ. ಗುಂಡಿಯನ್ನು ಇಂಟರ್ನಲ್‌ಗೆ ತಿರುಗಿಸಿದೆ. ವಾದ್ಯ ಸಿಡಿಯಲಿಲ್ಲ, ಯಾರೂ ಬಾಗಿಲು ತಟ್ಟಲಿಲ್ಲ. ಪುಟ್ಟ ಪರದೆಯಲ್ಲಿ ಖಾಲಿ ಜಾಗವೊಂದು ಮಿನುಗತೊಡಗಿತು. ಯಾವ ವೇಗದಲ್ಲಿ ನಡೆಯಲಿ, ಒಂದು ಸಂಖ್ಯೆ ಹಾಕು ಎಂದು ಅದು ಕೇಳುತ್ತಿತ್ತು. ಬೆರಳು ಮುಂದೆ ಹೋಯಿತು, ಹಿಂದೆ ಬಂತು. ಇಷ್ಟು ವರ್ಷ ಎಷ್ಟೊಂದು ಹಾಡು ನುಡಿಸಿದ್ದೇನೆ, ನನ್ನ ವೇಗ ಎಷ್ಟು ಎಂದು ನನಗೆ ಗೊತ್ತಿರಲಿಲ್ಲ. ಎದೆಯ ಮೇಲೆ ಕೈಯಿಟ್ಟು ನೋಡಿದೆ, ಅದೂ ಕಾಯುತ್ತಿರುವ ಹಾಗಿತ್ತು.

"ಅಂಬುಜಾ" ಎಂದು ಕೂಗಿದೆ. "ಎಷ್ಟು ಹಾಕ್ಲೇ ಇದಕ್ಕೆ?"

ಅವಳು ಒಳಗೆ ಪರ್ವತಯ್ಯನವರಿಗೆ ಎಣ್ಣೆ ಕಾಯಿಸುತ್ತಿದ್ದಳು. ಅಲ್ಲಿಂದಲೇ ಅಂದಳು, "ನನ್ನ ಯಾಕ್ರೀ ಕೇಳ್ತೀರ?"